ಜೀರಕಿ ಜೋಡು ಜರ್ಮನಿಗೆ ಹೋದದ್ದು

ನಾನು ಒಂದು ಜೊತೆ ಚಪ್ಪಲಿ. ಜೊತೆ ಎಂದಮೇಲೆ 'ನಾವು' ಎನ್ನಬೇಕಿತ್ತು. ಆದರೆ ಇಬ್ಬರಿಗೂ ಸೇರಿ ಸಿಕ್ಕಿದ್ದು ಒಂದೇ ಬದುಕು; ಹೀಗಾಗಿ 'ನಾನು' ಎನ್ನುವುದೇ ರೂಢಿಯಾಗಿಬಿಟ್ಟಿದೆ. ಮಾತಾಡುತ್ತಿರುವುದು ಬಲಗಾಲಿನವಳು. ಎಡಗಾಲಿನವಳಿಗೆ ಮೊದಲಿನಿಂದಲೂ ಮಾತು ಕಡಿಮೆ. ನಾನು ಏನಾದರೂ ಹೆಚ್ಚುಕಡಿಮೆ ಹೇಳಿದರೆ ಮಾತ್ರ ಪಕ್ಕದಲ್ಲೇ ಸಣ್ಣಗೆ ಕಿರುಗುಟ್ಟುತ್ತಾಳೆ.

ನಾನು ಹುಟ್ಟಿದ ಊರು ಅಥಣಿ. ಎಮ್ಮೆಯ ತೊಗಲು ಜಾಲಿ ತೊಗಟೆಯ, ಅಳಲೆಕಾಯಿಯ ನೀರು ಕುಡಿದು, ಬಿಸಿಲುಂಡು ಹದಕ್ಕೆ ಬಂದ ಮೇಲೆ ತುಕಾರಾಮ ಎಂಬಾತ ಅದನ್ನು ಅಂಗಾಲಿನ ಆಕಾರಕ್ಕೆ ಕತ್ತರಿಸಿದ. ಅವನ ಹೆಂಡತಿ ಮಾಲವ್ವ ಎಳೆ ಎಳೆಯಾಗಿ ಸೀಳಿದ ಬಾರುಗಳನ್ನು ಮಗಳ ಜಡೆ ಹಾಕುವಷ್ಟೇ ಅಕ್ಕರೆಯಿಂದ ಹೆಣೆದು ನನ್ನ ನೆತ್ತಿಗೆ ಕೂರಿಸಿದಳು. ಕಬ್ಬಿಣದ ಮೊಳೆ ಒಂದೂ ಇಲ್ಲ; ತೊಗಲನ್ನು ತೊಗಲಿನಿಂದಲೇ ಹೊಲಿದದ್ದು. ಅಂಗಾಲಿನ ಪದರಗಳ ನಡುವೆ ತುಕಾರಾಮ ಏನೋ ಕೈಚಳಕ ಮಾಡಿದ. ಹೆಜ್ಜೆ ಊರಿದರೆ ಜೀರ್ ಎನ್ನಬೇಕು, ಎತ್ತಿದರೆ ಇನ್ನೊಮ್ಮೆ ಜೀರ್ ಎನ್ನಬೇಕು. ಅದಕ್ಕೇ ನಮ್ಮ ಕಡೆ ನನ್ನಂಥವರಿಗೆ ಜೀರಕಿ ಜೋಡು ಎಂದು ಹೆಸರು.

ನನ್ನನ್ನು ಕೊಂಡವರು ಬೆಟಗೇರಿಯ ನೇಕಾರ ಗುರುಸಿದ್ದಪ್ಪ. ಬೀಗರ ಮನೆಯ ಮದುವೆಗೆ ಅಥಣಿಗೆ ಬಂದಿದ್ದರು. ಮಗಳಿಗೆ ಏನಾದರೂ ಒಯ್ಯಬೇಕೆಂದು ಅಂಗಡಿ ಹೊಕ್ಕರು.

"ಕಾಲಿನ ಅಳತಿ ತಂದೀರೇನ್ರಿ?" ಎಂದು ತುಕಾರಾಮ ಕೇಳಿದ.

ಗುರುಸಿದ್ದಪ್ಪ ತಮ್ಮ ಗೇಣು ಬಿಚ್ಚಿ, ಅದರ ತುದಿಗೆ ಇನ್ನೊಂದು ಕೈಯ ಎರಡು ಬೆರಳು ಜೋಡಿಸಿ ತೋರಿಸಿದರು. "ಇಷ್ಟ ನೋಡ್ರಿ. ತಪ್ಪಂಗಿಲ್ಲ."

"ಜೀರಕಿ ಐತ್ರಿ ಇದು. ಮೆಟ್ಟಿದವರು ಬರೂದು ನಾಕ ಮನಿಗೆ ಗೊತ್ತಾಗತೈತಿ."

"ಅದ ಬೇಕಾಗೇತಿ. ನಮ್ಮಾಕಿ ಮನಿಗೆ ಬಂದದ್ದೂ ತಿಳಿಯಂಗಿಲ್ಲ, ಹ್ವಾದದ್ದೂ ತಿಳಿಯಂಗಿಲ್ಲ."

ನಮ್ಮಾಕಿ ಎಂದರೆ ವೈಜಯಂತಿ. ಮನೆಯಲ್ಲೂ ಓಣಿಯಲ್ಲೂ ವೈಜು. ಬಟ್ಟೆಯ ವಿಷಯದಲ್ಲೇ ಎಂ.ಎಸ್ಸಿ. ಮುಗಿಸಿದ ಹುಡುಗಿ. ನನ್ನನ್ನು ಮೆಟ್ಟಿ ಅಂಗಳದಲ್ಲಿ ಎರಡು ಹೆಜ್ಜೆ ಇಟ್ಟವಳೇ ಗಾಬರಿಯಾಗಿ ನಿಂತುಬಿಟ್ಟಳು.

"ಅಪ್ಪಾ, ಇವು ಒದರತಾವು."

"ಒದರಲಿ ಬಿಡು. ನೀ ಅಂತೂ ಮಾತಾಡಂಗಿಲ್ಲ. ನಿನ್ನ ಬದಲಿ ಅವಾದ್ರೂ ಮಾತಾಡ್ಲಿ."

ಮೊದಲ ಕೆಲವು ದಿನ ನಾನು ಅವಳ ಹೆಬ್ಬೆರಳ ಬುಡದಲ್ಲಿ ಕಚ್ಚಿದೆ. ಕಚ್ಚುವುದು ನನ್ನ ಜಾತಿಯ ಸ್ವಭಾವ, ದ್ವೇಷವೇನಿಲ್ಲ. ಅವ್ವ ಶಕುಂತಲಾ ಶೇಂಗಾ ಎಣ್ಣೆ ತಿಕ್ಕಿ ತಿಕ್ಕಿ ನನ್ನನ್ನು ಮೆತ್ತಗೆ ಮಾಡಿದಳು. ಆಮೇಲೆ ನಾನೂ ವೈಜುವಿನ ಪಾದವೂ ಒಬ್ಬರಿಗೊಬ್ಬರು ಒಗ್ಗಿಕೊಂಡೆವು. ಪಾದ ಮೆತ್ತಗಿನದು, ಯಾವಾಗಲೂ ಗೋಡೆಯ ಪಕ್ಕಕ್ಕೇ ಸರಿದು ನಡೆಯುವಂಥದು.

ಅವಳು ಹಾಗೆ ಸರಿದು ನಡೆಯುವುದಕ್ಕೆ ಆ ಓಣಿಯೇ ಕಾರಣ. ಬೆಟಗೇರಿಯ ಆ ಓಣಿಯಲ್ಲಿ ಪ್ರತಿ ಮನೆಯ ಮುಂದೆ ಎರಡು ಮೆಟ್ಟಿಲು. ಚಪ್ಪಲಿಗಳೆಲ್ಲ ಆ ಮೆಟ್ಟಿಲ ಮೇಲೆ. ಹೊಸ್ತಿಲು ದಾಟುವ ಹಕ್ಕು ನಮಗಿಲ್ಲ. ಒಳಗೆ ಮಗ್ಗದ ಖಟ್ ಖಟ್ ಕೇಳುತ್ತಿತ್ತು, ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಮನೆ ಎಂದರೆ ನನ್ನ ಪಾಲಿಗೆ ಇಂಥ ಸದ್ದುಗಳು ಮಾತ್ರ. ಮಳೆ ಬರಲಿ, ನಾಯಿ ಬಂದು ಮೂಸಲಿ, ನಾನು ಹೊರಗೇ. ಇದೊಂದು ಕೊರಗು ನನಗೆ ಮೊದಲಿನಿಂದಲೂ ಇತ್ತು.

ಎದುರು ಮನೆಯ ಕಟ್ಟೆಯ ಮೇಲೆ ಚಂಪವ್ವ ಆಯಿ ಬೆಳಗಿನಿಂದ ಬೈಗಿನತನಕ ಕೂತಿರುತ್ತಿದ್ದಳು. ಬೇರೆಯವರು ಪೇಪರು ಓದುವಂತೆ ಆಕೆ ಚಪ್ಪಲಿ ಓದುತ್ತಿದ್ದಳು. "ಗುರುಸಿದ್ದಪ್ಪನ ಮನಿಗೆ ಯಾರೋ ಬಂದಾರ. ಹಿಮ್ಮಡ ಸವದದ್ದು ನೋಡಿದ್ರ ಹೊಲದಾಗ ದುಡಿಯೋರ," ಎನ್ನುತ್ತಿದ್ದಳು. "ಆ ಮೂಲಿಮನಿ ಸೊಸಿ ಜೋಡು ಇಲ್ಲ. ಮತ್ತ ತವರಿಗೆ ಹೋದ್ಲೇನ?" ಎನ್ನುತ್ತಿದ್ದಳು. ಹೀಗೆ ಯಾರು ಒಳಗಿದ್ದಾರೆ, ಯಾರು ಹೊರಗಿದ್ದಾರೆ ಎನ್ನುವುದು ಇಡೀ ಓಣಿಗೆ ಗೊತ್ತಿರುತ್ತಿತ್ತು.

ವೈಜುವಿಗೆ ಇದು ಸಹಿಸುತ್ತಿರಲಿಲ್ಲ. ಮನೆಯಲ್ಲಿರುವುದು ಯಾರಿಗೂ ತಿಳಿಯಬಾರದೆಂದು ನನ್ನನ್ನು ನೀರಿನ ಡ್ರಮ್ಮಿನ ಹಿಂದೆ ಬಚ್ಚಿಡುತ್ತಿದ್ದಳು. ಅದನ್ನೂ ಚಂಪವ್ವ ಓದಿಬಿಟ್ಟಳು.

"ಶಕುಂತಲಾ, ನಿನ್ನ ಮಗಳ ಜೋಡು ಡ್ರಮ್ಮಿನ ಹಿಂದ ಐತಲ್ಲ. ಅಂದ್ರ ಆಕಿ ಮನ್ಯಾಗ ಅದಾಳ, ಯಾರ ಕೂಡೂ ಮಾತಾಡೂ ಮನಸಿಲ್ಲ, ಹೌದಿಲ್ಲೋ?"

ಅವತ್ತು ವೈಜು ಬಾಗಿಲ ಸಂದಿಯಲ್ಲಿ ನಿಂತು ತುಟಿ ಕಚ್ಚಿಕೊಂಡದ್ದನ್ನು ಕೆಳಗಿನಿಂದ ನಾನು ಕಂಡೆ.

ಮುಂದೆ ಅವಳಿಗೆ ಜರ್ಮನಿಯಲ್ಲಿ ಒಂದು ವರ್ಷ ಓದುವ ಅವಕಾಶ ಬಂತು. ಹಳೆಯ ಬಟ್ಟೆಗಳು ಕೆಡದ ಹಾಗೆ, ಬಣ್ಣ ಹೋಗದ ಹಾಗೆ ಕಾಪಾಡುವ ವಿದ್ಯೆಯಂತೆ. ಆ ದಿನ ಮೆಟ್ಟಿಲ ಮೇಲೆ ಕೂತು ಗೆಳತಿಗೆ ಫೋನಿನಲ್ಲಿ ಪಿಸುಮಾತಿನಲ್ಲಿ ಹೇಳಿದಳು: "ಒಮ್ಮೆ ಹೋದ್ರ ಈ ಓಣಿಗೆ ಹೊಳ್ಳಿ ಬರಂಗಿಲ್ಲ ನೋಡು. ಇಲ್ಲಿ ಕೆಮ್ಮಿದ್ರೂ ಯಾಕ ಕೆಮ್ಮಿದಿ ಅಂತಾರ."

ಅವಳ ಪಾದ ನನ್ನ ಮೇಲೇ ಇತ್ತು. ಅದು ಗಟ್ಟಿಯಾಗಿ ಒತ್ತಿದ್ದರಿಂದ, ಮಾತು ತಮಾಷೆಯದಲ್ಲ ಎಂದು ನನಗೆ ತಿಳಿಯಿತು.

ನನ್ನನ್ನು ಒಯ್ಯುವ ಮನಸ್ಸು ಅವಳಿಗಿರಲಿಲ್ಲ. ಅವ್ವ ಬಿಡಲಿಲ್ಲ. ಆದರೆ ನನ್ನನ್ನು ಎಲ್ಲಿ ಇಡುವುದು? ರೊಟ್ಟಿ, ಚಟ್ನಿಪುಡಿ ಇದ್ದ ಚೀಲದಲ್ಲಿ ಚಪ್ಪಲಿ ಇಡುವ ಹಾಗಿಲ್ಲ. ಪುಸ್ತಕದ ಪಕ್ಕ ಇಟ್ಟರೆ ಸರಸ್ವತಿ ಮುನಿಯುತ್ತಾಳೆ. ಇಳಕಲ್ ಸೀರೆಯ ಹತ್ತಿರ ಅವ್ವನೇ ಬಿಟ್ಟುಕೊಳ್ಳಲಿಲ್ಲ. ಕೊನೆಗೆ ಹಳೆಯ ದಿಂಬಿನ ಚೀಲದಲ್ಲಿ ಗಂಟು ಕಟ್ಟಿ, ಪೆಟ್ಟಿಗೆಯ ಮೂಲೆಯಲ್ಲಿ ಒಂದು ಕೊಡೆಯ ಜೊತೆ ಕೂರಿಸಿದರು. ಹೀಗೆ ಯಾರನ್ನೂ ಮುಟ್ಟದೆ, ಯಾರಿಗೂ ತಾಗದೆ ನಾನು ಸಮುದ್ರ ದಾಟಿದೆ.

ಗಂಟು ಬಿಚ್ಚಿದಾಗ ಕಂಡದ್ದನ್ನು ನಂಬಲಾಗಲಿಲ್ಲ. ನಾನು ಮನೆಯ ಒಳಗಿದ್ದೆ.

ಹಳೆಯ ಕಟ್ಟಡವೊಂದರ ಮೂರನೆಯ ಅಂತಸ್ತಿನ ಕೋಣೆ. ನೆಲಕ್ಕೆ ಮರದ ಹಲಗೆ. ಬರಿಗಾಲಿಟ್ಟರೆ ಚಳಿ ನೆತ್ತಿಗೇರುತ್ತಿತ್ತು. ಹೊರಗೆ ಓಡಾಡಲು ವೈಜು ದಪ್ಪ ಬೂಟು ಕೊಂಡಳು, ನಾನು ಮನೆಯೊಳಗಿನವಳಾದೆ. ಮಂಚದ ಕಾಲು ನೋಡಿದೆ, ಒಲೆಯ ಬುಡ ನೋಡಿದೆ, ದೇವರ ಫೋಟೋ ಇಟ್ಟ ಕಪಾಟನ್ನು ದೂರದಿಂದ ನೋಡಿದೆ. ಒಳಗೆ ಚಪ್ಪಲಿ ಮೆಟ್ಟುವ ಸಂಗತಿಯನ್ನು ವೈಜು ಅವ್ವನಿಗೆ ಹೇಳಲಿಲ್ಲ. ನನಗಂತೂ ಹೆಮ್ಮೆಯೋ ಹೆಮ್ಮೆ. ಎಡಗಾಲಿನವಳು ಸಹ ಆ ದಿನಗಳಲ್ಲಿ ನನಗಿಂತ ಜೋರಾಗಿ ಜೀರ್ ಎನ್ನುತ್ತಿದ್ದಳು.

ವೈಜುವಿಗೂ ಅದು ಸುಖದ ಕಾಲ. ಎಲ್ಲಿಗೆ ಹೊರಟೆ ಎಂದು ಯಾರೂ ಕೇಳುವುದಿಲ್ಲ. ಅವಳ ಪಾದ ಗೋಡೆ ಬಿಟ್ಟು ಕೋಣೆಯ ನಟ್ಟನಡುವೆ ನಡೆಯಲು ಕಲಿತದ್ದು ಅಲ್ಲಿಯೇ. ಆ ಊರಿನ ಜನ ಕೆಟ್ಟವರಲ್ಲ. ಮೆಟ್ಟಿಲಲ್ಲಿ ಎದುರಾದರೆ ನಗುತ್ತಾರೆ, ಬಾಗಿಲು ಹಿಡಿದು ನಿಲ್ಲುತ್ತಾರೆ. ಕೇಳದೆ ಇರುವುದೇ ಅಲ್ಲಿನ ಮರ್ಯಾದೆ.

ಚಳಿ ಬಲಿಯಿತು. ಶನಿವಾರ, ಭಾನುವಾರ ಅವಳು ಬಾಯಿ ಬಿಡದೆ ಕಳೆಯುವಂತಾಯಿತು. ಒಮ್ಮೆ ಜ್ವರ ಬಂದು ಒಂದು ಹಗಲೆಲ್ಲ ಮಲಗಿದಳು. ನಾನು ಮಂಚದ ಕೆಳಗೆ ಕಾದೆ, ಕಾದೆ, ಕಾಲು ಇಳಿಯಲಿಲ್ಲ. ಬಾಗಿಲು ಯಾರೂ ತಟ್ಟಲಿಲ್ಲ. ತಾನೇ ಎದ್ದು, ಗೋಡೆ ಹಿಡಿದು, ಗಂಜಿ ಕಾಸಿಕೊಂಡಳು. ಫೋನಿನಲ್ಲಿ ಅವ್ವನಿಗೆ ಹೇಳಿದ್ದು ಮಾತ್ರ "ಆರಾಮದೀನಿ" ಎಂದು.

ಆ ನಡುವೆ ಅವಳ ಪ್ರೊಫೆಸರು, ಇನ್ನೂ ಎರಡು ವರ್ಷ ಇಲ್ಲೇ ಉಳಿದು ಕೆಲಸ ಮಾಡುತ್ತೀಯಾ ಎಂದು ಕೇಳಿದರು. ಬೇಸಿಗೆ ರಜೆ ಮುಗಿಯುವುದರೊಳಗೆ ತಿಳಿಸಿದರೆ ಸಾಕಂತೆ. ವೈಜು ಅವ್ವನಿಗೆ ಹೇಳಿದಳು: "ಹೂಂ ಅಂತೀನಿ ಅನಸ್ತೈತಿ, ಅವ್ವಾ. ಮುಂದೂ ಇಲ್ಲೇ ಎಲ್ಲ್ಯಾರ ಕೆಲಸ ಸಿಕ್ಕೀತು."

ಅತ್ತ ಮಗ್ಗದ ಸದ್ದು ಕೇಳಿಸುತ್ತಿತ್ತು. ಅವ್ವ ಹೇಳಿದಳು: "ನಿನ್ನ ಇಷ್ಟವ್ವ. ಊಟಾತೇನು?"

ನಾನು ಲೆಕ್ಕ ಹಾಕಿದೆ. ಹಾಗಾದರೆ ಇನ್ನು ಆ ಮೆಟ್ಟಿಲು ಇಲ್ಲ. ಒಳಗೆ ಬರಬೇಕೆಂದು ಅಷ್ಟು ಹಂಬಲಿಸಿದ್ದ ನನಗೆ, ಅವತ್ತು ಯಾಕೋ ಬೆಟಗೇರಿಯ ಆ ಮೆಟ್ಟಿಲ ಬಿಸಿ ಕಲ್ಲು ನೆನಪಾಯಿತು. ಹಬ್ಬದ ದಿನ ಬಂದವರ ಚಪ್ಪಲಿಗಳೆಲ್ಲ ಒಂದರ ಮೇಲೊಂದು ಬಿದ್ದು, ಯಾರ ಧೂಳು ಯಾರದೋ ತಿಳಿಯದ ಹಾಗೆ ಆಗುತ್ತಿದ್ದೆವು. ಇಲ್ಲಿ ನನ್ನ ಪಕ್ಕದಲ್ಲಿ ಆ ಮೂಕ ಬೂಟು ಬಿಟ್ಟರೆ ಇನ್ನೊಬ್ಬರಿಲ್ಲ.

ಸಂಕ್ರಾಂತಿ ಬಂತು. ವೈಜು ಬೇಗ ಎದ್ದು ನೆಲ ಒರೆಸಿದಳು, ಸ್ನಾನ ಮಾಡಿದಳು, ಬಾಗಿಲ ಮುಂದೆ ಅಕ್ಕಿಹಿಟ್ಟಿನ ಸಣ್ಣ ರಂಗೋಲಿ ಎಳೆದಳು. ಅವ್ವ ಕಳಿಸಿದ್ದ ಕುಸುರೆಳ್ಳು ತಟ್ಟೆಗೆ ಸುರಿದು ದೇವರ ಮುಂದಿಟ್ಟಳು. ಹಬ್ಬದ ದಿನ ಒಳಗೆ ಚಪ್ಪಲಿ ಇರುವುದುಂಟೇ? ಕೈ ತಾನಾಗಿಯೇ ನನ್ನನ್ನು ಎತ್ತಿ ಬಾಗಿಲ ಹೊರಗೆ ಇಟ್ಟಿತು.

ಆ ಕಟ್ಟಡದ ಪದ್ಧತಿಯೇ ಬೇರೆ. ಬೇಡವಾದ ಕುರ್ಚಿ, ಹಳೆಯ ಪುಸ್ತಕ, ಹೂವಿನ ಕುಂಡ ಬಾಗಿಲ ಹೊರಗೆ ಇಟ್ಟರೆ, ಬೇಕಾದವರು ಒಯ್ಯಲಿ ಎಂದರ್ಥ. ಅದೇ ಸಾಲಿನ ಕೊನೆಯ ಕೋಣೆಯ ಯೋನಾಸ್ ಎಂಬ ಸಂಗೀತದ ವಿದ್ಯಾರ್ಥಿ ಬಂದ. ರಂಗೋಲಿಯನ್ನು ತುಳಿಯದೆ ದಾಟಿದ. ನನ್ನನ್ನು ಎತ್ತಿ, ತಿರುಗಿಸಿ, ಜಡೆಯನ್ನು ಸವರಿ ನೋಡಿದ. ಮುಚ್ಚಿದ ಬಾಗಿಲಿಗೆ ತಲೆಬಾಗಿ ಏನೋ ಹೇಳಿದ, ಧನ್ಯವಾದವಿರಬೇಕು. ನನ್ನನ್ನು ಒಯ್ದ.

ಅವನ ಹಿಮ್ಮಡಿ ನನ್ನಿಂದ ಹೊರಗೆ ಇಣುಕುತ್ತಿತ್ತು. ಆದರೂ ಬಿಡಲಿಲ್ಲ. ಜೀರ್ ಸದ್ದು ಕೇಳಿದ್ದೇ ಅವನ ಮುಖ ಅರಳಿತು. ಆ ಕಡೆ ನಾಲ್ಕು ಹೆಜ್ಜೆ, ಈ ಕಡೆ ನಾಲ್ಕು ಹೆಜ್ಜೆ ಇಟ್ಟು, ಕೂತು, ತನ್ನ ದೊಡ್ಡ ಪಿಟೀಲಿನಂಥ ವಾದ್ಯದಲ್ಲಿ ನನ್ನ ಸದ್ದಿನ ಶ್ರುತಿ ಹುಡುಕಿದ. ಒಳ್ಳೆಯ ಹುಡುಗ. ಆದರೆ ಅವನ ಪಾದ ನನಗೆ ಅರ್ಥವಾಗಲಿಲ್ಲ, ನನ್ನ ಅಳತೆ ಅವನಿಗೆ. ಎಡಗಾಲಿನವಳು ಅವನನ್ನು ಚೆನ್ನಾಗಿ ಕಚ್ಚಿದಳು.

ಮುಂದಿನದು ನಾನು ಕಂಡದ್ದಲ್ಲ. ಮತ್ತೆ ವೈಜುವಿನ ಕಾಲು ಸೇರಿದ ಮೇಲೆ, ಅವಳು ಅವ್ವನಿಗೆ ಫೋನಿನಲ್ಲಿ ಹೇಳುವಾಗ ಕೇಳಿದ್ದು.

"ಅವ್ವಾ, ನಾ ಮೆಟ್ಟಲಾ ಹುಡುಕಿದೆ, ಕಸದ ಡಬ್ಬಿ ಹುಡುಕಿದೆ. ಯಾರನ್ನ ಕೇಳಬೇಕು? ಒಬ್ಬರ ಹೆಸರೂ ಗೊತ್ತಿಲ್ಲ. ಕಾಲಚೀಲದಾಗ ಅಡ್ಡಾಡಿಕೋತ ಸುಮ್ಮನಿದ್ದೆ. ಎರಡು ದಿನಾ ಬಿಟ್ಟು ಯಾರೋ ಬಾಗಿಲಾ ಬಡದ್ರು. ತಗದ್ರ ಕೆಳಗಿನ ಮನಿ ಮುದುಕಿ, ಹಿಲ್ಡಾ ಅಂತ ಹೆಸರು. ಬಡಿಗಿ ಊರಿಕೋತ ಮೆಟ್ಟಲಾ ಹತ್ತಿ ಬಂದಿದ್ಲು."

"ಏನಂದ್ಲು?"

"ದಿನಾ ಮುಂಜಾನೆ ನೀ ಎದ್ದ ಸಪ್ಪಳ ಕೇಳಿ ನಾ ಕಾಫಿಗೆ ಇಡತೀನಿ. ಎರಡು ದಿನಾತು, ನಿನ್ನ ಕಾಲ ಸಪ್ಪಳಿಲ್ಲ. ಮೈಯಾಗ ಹುಷಾರಿಲ್ಲೇನು ಅಂತ ಕೇಳಿದ್ಲು."

"ಅಯ್ಯ, ಅಲ್ಲೂ ಒಬ್ಬಾಕಿ ಚಂಪವ್ವ ಅದಾಳ ಅನ್ನು," ಎಂದು ಅವ್ವ ನಕ್ಕಳು.

ವೈಜು ನಗಲಿಲ್ಲ. "ಹೂಂ ಅವ್ವಾ. ನಂಗ ಅಳು ಬಂತು. ಬಾಗಿಲದಾಗ ನಿಂತ ಅತ್ತೆ. ಆಕಿ ಪಾಪ ಗಾಬರಿಯಾಗಿ, ಕೇಳಬಾರದಿತ್ತೇನು ಅಂದ್ಲು. ಕೇಳ್ರಿ, ಇನ್ನೂ ಕೇಳ್ರಿ ಅಂದೆ."

ಚಪ್ಪಲಿ ಕಳೆದ ಸಂಗತಿ ತಿಳಿದ ಹಿಲ್ಡಾ ಹಣೆ ಗಂಟಿಕ್ಕಿ ಯೋಚಿಸಿದಳಂತೆ. ಆ ಸದ್ದು ನಿಂತಿಲ್ಲ, ಜಾಗ ಬದಲಿಸಿದೆ. ತನ್ನ ಅಡುಗೆಮನೆಯ ಮೇಲೆ ಇದ್ದದ್ದು ಎರಡು ದಿನದಿಂದ ದೂರದಲ್ಲೆಲ್ಲೋ ಕೇಳುತ್ತಿದೆ, ಯಾವ ಕೋಣೆಯೋ ತಿಳಿಯದು ಎಂದಳಂತೆ. ಹಾಗಾದರೆ ಎಲ್ಲ ಬಾಗಿಲೂ ತಟ್ಟಬೇಕು. ಬರಿಗೈಯಲ್ಲಿ ಹೋಗಿ ನನ್ನ ಚಪ್ಪಲಿ ಕೊಡಿ ಎನ್ನುವುದು ಹೇಗೆ? ವೈಜು ದೇವರ ಮುಂದಿನ ಕುಸುರೆಳ್ಳಿನ ತಟ್ಟೆ ಎತ್ತಿಕೊಂಡಳು. ಊರಲ್ಲಿ ಸಂಕ್ರಾಂತಿಯ ದಿನ ಎಳ್ಳು ಬೀರಲು ಮನೆಮನೆಗೆ ಹೋಗಬೇಕೆಂದರೆ ಹೊಟ್ಟೆನೋವಿನ ನೆಪ ಹೇಳಿ ಮಲಗುತ್ತಿದ್ದ ಹುಡುಗಿ, ಹಬ್ಬ ಮುಗಿದ ಮೇಲೆ, ಗೊತ್ತಿಲ್ಲದ ಊರಲ್ಲಿ, ಗೊತ್ತಿಲ್ಲದವರ ಬಾಗಿಲು ತಟ್ಟುತ್ತ ಬಂದಳು. ಪಕ್ಕದ ಕೋಣೆಯವನು ಸಕ್ಕರೆ ಹೆಚ್ಚಾಯಿತೆಂದ. ಅದರಾಚೆಯವಳು ಇನ್ನಷ್ಟು ಕೇಳಿದಳು.

ಕೊನೆಯ ಬಾಗಿಲನ್ನು ತೆರೆದವನು ಯೋನಾಸ್. ಅವನ ಕಾಲಲ್ಲಿ ನಾನು. ನನ್ನ ಕಣ್ಣ ಮುಂದೆ ಕಾಲಚೀಲ ತೊಟ್ಟ ಆ ಎರಡು ಪಾದಗಳು, ಪಕ್ಕದಲ್ಲೊಂದು ಬಡಿಗೆ. ವೈಜು ಬೆರಳು ತೋರಿಸಿದಳು. ಅವನು ಕೆಳಗೆ ನೋಡಿದ, ತಟ್ಟೆ ನೋಡಿದ, ಕಿವಿಯವರೆಗೂ ಕೆಂಪಾದ. ಹಿಲ್ಡಾ ಜೋರಾಗಿ ನಕ್ಕಳು. ಅವತ್ತು ಆ ಕೋಣೆಯಲ್ಲೇ ನಾಲ್ಕಾರು ಜನ ಕೂತು ಕಾಫಿ ಕುಡಿದರು. ಅವರೆಲ್ಲರ ಬೂಟುಗಳು ನನ್ನ ಸುತ್ತ ಅಡ್ಡಾದಿಡ್ಡಿ ಬಿದ್ದಿದ್ದವು. ಆ ದೇಶಕ್ಕೆ ಹೋದ ಮೇಲೆ ಮೊದಲ ಸಲ ನನಗೆ ಸಂಗಾತಿಗಳು ಸಿಕ್ಕಿದರು.

ಆಮೇಲೆ ಭಾನುವಾರಗಳು ಹಿಲ್ಡಾಳ ಮನೆಯಲ್ಲಿ ಕಳೆದವು. "ನಿನ್ನೆ ಯಾಕ ತಡಾ ಮಾಡಿ ಬಂದಿ?" ಎಂದು ಆಕೆ ತನ್ನ ಭಾಷೆಯಲ್ಲಿ ಕೇಳುತ್ತಿದ್ದಳಂತೆ. ವೈಜು ವಿವರವಾಗಿ ಉತ್ತರ ಕೊಡುತ್ತಿದ್ದಳು. ಪ್ರೊಫೆಸರಿಗೆ ಮಾತ್ರ ಇನ್ನೂ ಉತ್ತರ ಕೊಟ್ಟಿರಲಿಲ್ಲ. ಒಂದು ವರ್ಷದ ಓದು ಮುಗಿಸಿ ಬೇಸಿಗೆ ರಜೆಗೆ ಊರಿಗೆ ಹೊರಟಾಗ ಅರ್ಧ ಸಾಮಾನು ಆ ಕೋಣೆಯಲ್ಲೇ ಉಳಿಯಿತು. ನಾನು ದಿಂಬಿನ ಚೀಲದಲ್ಲಿ ಕೂತು, ಇದು ಹೋಗುವುದೋ, ಹೋಗಿ ಬರುವುದೋ ಎಂದು ತಿಳಿಯದೆ ಮತ್ತೆ ಸಮುದ್ರ ದಾಟಿದೆ.

ಬೆಟಗೇರಿಯ ಮೆಟ್ಟಿಲು ಇದ್ದಲ್ಲೇ ಇತ್ತು. ಮರುದಿನ ಸಂಜೆ ಅವ್ವ ಜೋಳದ ಡಬ್ಬಿ ಕೈಗೆ ಕೊಟ್ಟು ಓಣಿಯ ತುದಿಯ ಗಿರಣಿಗೆ ಕಳಿಸಿದಳು. ವೈಜು ನನ್ನನ್ನು ಮೆಟ್ಟಿ ಹೊರಟಳು. ಗೋಡೆಯ ಪಕ್ಕದಲ್ಲಿ ಅಲ್ಲ, ಓಣಿಯ ನಡುವೆಯೇ.

"ಯಾಕ ಸೊರಗೀಯಲ್ಲ? ಅಲ್ಲಿ ರೊಟ್ಟಿ ಹಾಕಂಗಿಲ್ಲೇನು?" ಚಂಪವ್ವ ಕಟ್ಟೆಯಿಂದಲೇ ಶುರು ಮಾಡಿದಳು.

"ಹಾಕತಾರ ಆಯಿ, ಕಲ್ಲಿನಂಥಾವು. ನಿಮ್ಮ ಮೊಣಕಾಲ ನೋವು ಹೆಂಗೈತಿ?"

ಚಂಪವ್ವ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದಳು. ವೈಜು ತಿರುಗಿ ಪ್ರಶ್ನೆ ಕೇಳಿದ್ದು ಹುಟ್ಟಿದಾರಭ್ಯ ಇದೇ ಮೊದಲು. "ಶಕುಂತಲಾ, ನಿನ್ನ ಮಗಳಿಗೆ ಬಾಯಿ ಬಂತು ನೋಡು," ಎಂದು ಕೂಗಿ ಹೇಳಿದಳು. ಆಮೇಲೆ ಮೊಣಕಾಲಿನ ಕಥೆ ಹೇಳಿದಳು. ಎಡದ್ದು ಮುಗಿಸಿ ಬಲದ್ದು. ಕೊನೆಗೆ, "ಮದುವಿ ಯಾವಾಗ ಮತ್ತ?"

"ನೀವ ಒಂದು ವರಾ ನೋಡ್ರಿ. ಜೀರಕಿ ಸಪ್ಪಳಕ್ಕ ಹೆದರದಂಥಾವ ಇರಬೇಕು."

ಹೀಗೆ ಮನೆಗೊಂದು ಮಾತಾಗಿ ಗಿರಣಿ ಮುಟ್ಟುವಷ್ಟರಲ್ಲಿ ಹೊತ್ತು ಇಳಿದಿತ್ತು. ಗಿರಣಿಯ ಕಟ್ಟೆ ಹತ್ತುವಾಗ ನನ್ನ ಹೆಬ್ಬೆರಳಿನ ಉಂಗುರ ಫಟ್ಟನೆ ಹರಿಯಿತು. ಇಷ್ಟು ದಿನ ನಡೆದದ್ದು ಸಾಕೆನಿಸಿರಬೇಕು ಅದಕ್ಕೆ. ವೈಜು ನಮ್ಮಿಬ್ಬರನ್ನೂ ಒಂದು ಕೈಯಲ್ಲಿ, ಹಿಟ್ಟಿನ ಡಬ್ಬಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಬರಿಗಾಲಿನಲ್ಲಿ ಹೊರಟಳು.

"ಯಾಕ ಬರಿಗಾಲಿಲೆ ಹೊಂಟಿ? ಬಾ, ನಮ್ಮವು ಮೆಟ್ಟಿಕೊಂಡು ಹೋಗು."

"ಹರಿದಾವೇನು? ಸ್ಟೇಶನ್ ಹತ್ರ ಮೋಚಿ ಅದಾನ, ನಾಳೆ ಕೊಡು."

"ಕಾಲಿಗೆ ಕಲ್ಲು ಚುಚ್ಚಂಗಿಲ್ಲೇನ?"

ಪ್ರತಿ ಬಾಗಿಲೂ ಕೇಳಿತು. ಪ್ರತಿ ಬಾಗಿಲಿಗೂ ಅವಳು ನಿಂತು ಉತ್ತರ ಹೇಳಿದಳು. ಕೈಯಲ್ಲಿ ತೂಗುತ್ತಿದ್ದ ನನಗೆ ಅವತ್ತು ಮೊದಲ ಸಲ ಅವಳ ಮುಖ ಹತ್ತಿರದಿಂದ ಕಂಡಿತು. ಕೆಳಗಿನಿಂದ ಕಂಡದ್ದಕ್ಕಿಂತ ಚಿಕ್ಕ ಹುಡುಗಿಯ ಮುಖ.

ಗುರುಸಿದ್ದಪ್ಪ ಮಗ್ಗದ ಕುಣಿಯಲ್ಲಿ ಕೂತಿದ್ದರು. ವೈಜು ಹೊಸ್ತಿಲ ಮೇಲೆ ಕೂತಳು. ನಾನು ಅವಳ ಮಡಿಲಲ್ಲಿ.

"ಅಪ್ಪಾ, ಆ ಎರಡು ವರ್ಷದ ಕೆಲಸ ಬ್ಯಾಡ ಅಂತ ಹೇಳತೀನಿ."

ಲಾಳಿ ನಿಂತಿತು. "ಯಾಕ? ಚಪ್ಪಲಿ ಹರಿದದ್ದಕ್ಕ?"

"ಹೂಂ ಅಂತ ತಿಳಕೋ."

"ನಿಂಗ ಈ ಓಣಿ ಬ್ಯಾಡಾಗಿತ್ತಲ್ಲ. ಗೊತ್ತೈತಿ ನಂಗ."

ವೈಜು ನನ್ನ ಹರಿದ ಉಂಗುರವನ್ನು ತಿರುವಿದಳು. "ಅಲ್ಲಿ ಇರಬಹುದಪ್ಪಾ. ಅಲ್ಲೂ ಕೇಳೋರು ಅದಾರ. ಆದ್ರ ಆ ಮುದುಕಿ ಬಾಗಿಲಾ ಬಡದ ದಿನ ನಂಗ ಒಂದು ತಿಳೀತು. ಚಂಪವ್ವ ಆಯಿ ಇಷ್ಟು ದಿನಾ ಕೇಳ್ತಿದ್ದದ್ದೂ ಅದನ್ನ. ನಾ ಜಬಾಬ ಕೊಟ್ಟಿರಲಿಲ್ಲ."

ಗುರುಸಿದ್ದಪ್ಪ ಲಾಳಿಯನ್ನು ಒಮ್ಮೆ ಆ ಕಡೆಗೆ, ಒಮ್ಮೆ ಈ ಕಡೆಗೆ ಓಡಿಸಿ, ಮತ್ತೆ ನಿಲ್ಲಿಸಿ, "ಆ ಮುದುಕಿ ಕಾಫಿಗೆ ಏನ ಮಾಡತಾಳ ಪಾಪ?" ಎಂದರು.

"ಯೋನಾಸಗೆ ಹೇಳೇನಿ. ದಿನಾ ಮುಂಜಾನೆ ಹೋಗಿ ಮಾತಾಡಸ್ತಾನ."

ಇದೆಲ್ಲ ನಡೆದು ಬಹಳ ವರ್ಷಗಳಾದವು. ಈಗ ವೈಜು ಧಾರವಾಡದ ಒಂದು ಸಂಗ್ರಹಾಲಯದಲ್ಲಿ ಹಳೆಯ ಸೀರೆ, ಕುಬಸದ ಕಣಗಳನ್ನು ಕಾಯುತ್ತಾಳೆ. ದಿನಾ ರೈಲಿನಲ್ಲಿ ಹೋಗಿಬರುವುದಕ್ಕೆ ಅವಳಿಗೆ ಬೇರೆ ಚಪ್ಪಲಿಗಳಿವೆ. ನನ್ನ ಉಂಗುರವನ್ನು ಮೋಚಿ ಕಪ್ಪು ದಾರದಿಂದ ಹೊಲಿದುಕೊಟ್ಟ. ಜೀರ್ ಸದ್ದು ಅಡಗಿದೆ. ಅಂಗಾಲಿನಲ್ಲಿ ಅವಳ ಐದು ಬೆರಳುಗಳ ಗುಂಡಿ ಹಾಗೇ ಉಳಿದಿದೆ. ನನ್ನ ಜಾಗ ಈಗ ಹಿತ್ತಲ ಬಾಗಿಲ ಬಳಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ. ಅವ್ವ ಕರಿಬೇವು ಹರಿಯಲು ಹೋಗುವಾಗ ನಾನು. ಗುರುಸಿದ್ದಪ್ಪನವರ ಕಾಲಿಗೆ ಅರ್ಧವೇ ಹಿಡಿಸುತ್ತೇನೆ, ಆದರೂ ನೀರು ಬಂದಾಗ ನಲ್ಲಿಗೆ ಓಡಲು ನಾನು. ನೂಲು ತರುವವರು, ಬೀಗರು, ಪಕ್ಕದ ಮನೆಯ ಮಕ್ಕಳು, ಯಾರ ಕಾಲಿಗಾದರೂ ಸರಿ. ಒಂದೇ ಪಾದಕ್ಕೆ ಒಗ್ಗಿಕೊಂಡು ಅಷ್ಟು ದೂರ ಹೋಗಿಬಂದ ನಾನು, ಈಗ ಯಾವ ಪಾದ ಬಂದರೂ ಅದರ ಅಳತೆಗೆ ಸಡಿಲಾಗುತ್ತೇನೆ. ಪರವೂರಿನಲ್ಲಿ ಮನೆಯೊಳಗೆಲ್ಲ ಓಡಾಡಿದೆ. ಆದರೂ ಆ ಮನೆಯ ಸದ್ದುಗಳಲ್ಲಿ ಯಾವುದೂ ನನಗೆ ನೆನಪಿಲ್ಲ. ಇಲ್ಲಿ ಹಿತ್ತಲಲ್ಲೇ ಕೂತು, ಒಳಗೆ ಯಾರ ಮಾತು ಯಾವುದೆಂದು ಹೇಳಬಲ್ಲೆ.

ಮೊನ್ನೆ ಬಾಗಲಕೋಟೆಯಿಂದ ಯಾರೋ ಹೊಸಬರು ಬಂದಿದ್ದರು. ಹಿತ್ತಲಿಗೆ ಹೋಗಬೇಕಾಯಿತು. ನನ್ನನ್ನು ಕಂಡು ಅನುಮಾನಿಸುತ್ತ ನಿಂತರು.

"ಇವು ಯಾರ ಜೋಡ್ರಿ? ಮೆಟ್ಟಬಹುದೇನು?"

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ ಒಳಗಿನಿಂದ ಹೇಳಿದಳು:

"ಯಾರವೂ ಅಲ್ರಿ. ಮನೀವು. ಮೆಟ್ಟಿಕೊಂಡು ಹೋಗ್ರಿ."